ಒಬ್ಬನೇ ಹತ್ತು ಜನರನ್ನು ಹೊಡೆಯೋ ಯಾಂಕಿ ಮಾಂಗಾ: ಬಲಾಬಲದ ಲೆಕ್ಕ ಹೇಗೆ?

ಮಸಿಕಡ್ಡಿ (ಮಡಿಕೇರಿ):
ಯಾಂಕಿ ಮಾಂಗಾ, ಅಂದರೆ ಜಪಾನಿನ ಪುಂಡ ಹೈಸ್ಕೂಲ್ ಹುಡುಗರ ಹೊಡೆದಾಟದ ಕಾಮಿಕ್ಸ್ ಓದುವವರಿಗೆ ಒಂದು ಪ್ರಶ್ನೆ. ಅದೇ ಜಾಡಿನಲ್ಲಿ ಕನ್ನಡದಲ್ಲೊಂದು 40 ಪುಟದ ಕಾಮಿಕ್ ಬರೀತಿದ್ದೇನೆ. ಜಾಗ ಮಡಿಕೇರಿ, ಕಾಲ ಜುಲೈ, ಪಿಯು ಕಾಲೇಜಿನ ಎರಡು ಗುಂಪು. ನಾಯಕ ಹಾಕಿ ಆಡೋನು, 168 ಸೆಂ.ಮೀ. ಎತ್ತರ, 58 ಕೆ.ಜಿ. ಮೈದಾನದಲ್ಲಿ ಒಬ್ಬನೇ ಹತ್ತು ಜನರನ್ನು ಮಲಗಿಸಿ, ಕೊನೆಗೆ 78 ಕೆ.ಜಿ.ಯ ಎದುರಾಳಿಯ ತಲೆಗೆ ಒದ್ದು ಬೀಳಿಸ್ತಾನೆ. ‘ಟೋಕಿಯೋ ರಿವೆಂಜರ್ಸ್’ನ ಮೈಕಿ 162 ಸೆಂ.ಮೀ., 56 ಕೆ.ಜಿ. ಇದ್ದುಕೊಂಡು ಒಂದೇ ಒದೆತಕ್ಕೆ ದೊಡ್ಡವರನ್ನು ಕೆಡವುವಾಗ ನಂಬಿಕೆ ಬರುತ್ತೆ. ನನ್ನ ಪುಟದಲ್ಲಿ ಬರ್ತಿಲ್ಲ. ಯಾರು ಯಾರಿಗಿಂತ ಮೇಲು ಅಂತ ಪಟ್ಟಿ ಮಾಡೋಕೆ ಏನಾದ್ರೂ ಕ್ರಮ ಇದೆಯಾ?

ರಿಂಗ್ ಬದಿ (ಕುಶಾಲನಗರ):
ತೂಕದಿಂದ ಶುರು ಮಾಡಿ. ವೃತ್ತಿಪರ ಬಾಕ್ಸಿಂಗಿನಲ್ಲಿ 17 ತೂಕದ ವರ್ಗಗಳಿವೆ. ಕೆಳಗಿನ ವರ್ಗಗಳ ನಡುವಿನ ಅಂತರ ಒಂದೂವರೆ ಕೆ.ಜಿ. ಆಸುಪಾಸು, ಅಷ್ಟೇ. 58 ಕೆ.ಜಿ. ಅಂದರೆ ಸೂಪರ್ ಫೆದರ್‌ವೇಟ್, 78 ಅಂದರೆ ಲೈಟ್ ಹೆವಿವೇಟ್. ನಿಮ್ಮ ನಾಯಕ 7 ಮೆಟ್ಟಿಲು ಮೇಲಿನವನ ಜೊತೆ ಗುದ್ದಾಡ್ತಿದ್ದಾನೆ. ಚಳಕ ಬಲ್ಲ ಸಣ್ಣವನು ಏನೂ ಬಾರದ ದೊಡ್ಡವನನ್ನು ಸೋಲಿಸೋದು ಸಾಧ್ಯ, ಆದರೆ ಇಬ್ಬರ ನಡುವೆ ಒಂದು ತೋಳಿನ ಅಂತರ ಇರೋ ತನಕ ಮಾತ್ರ. ದೊಡ್ಡವನ ಕೈಗೆ ಶರ್ಟಿನ ಕಾಲರ್ ಸಿಕ್ಕಿತೋ, ಆಟ ಅರ್ಧ ಮುಗೀತು. ಹಾಗಾಗಿ ಪ್ರತಿ ಚೌಕಟ್ಟಿನಲ್ಲೂ ಆ ಅಂತರ ಓದುಗರ ಕಣ್ಣಿಗೆ ಬೀಳಬೇಕು.

ಇನ್ನು ಆ ಒದೆತ. ತಲೆ ಎತ್ತರಕ್ಕೆ ಕಾಲು ಬೀಸಬೇಕಾದರೆ ನಿಂತ ಕಾಲಿನ ಪಾದ ಮುಂಗಾಲ ಮೇಲೆ ತಿರುಗಬೇಕು, ಸೊಂಟ ಪೂರ್ತಿ ಹೊರಳಬೇಕು. ಮಡಿಕೇರಿಯ ಜುಲೈ ಅಂತೀರಿ. ನೆಂದ ಹುಲ್ಲು, ಕೆಸರು, ಪಾಚಿ ಹಿಡಿದ ಸಿಮೆಂಟು. ಪಾದ ತಿರುಗಿಸಿದ ಕ್ಷಣವೇ ಒದ್ದವನು ಅಂಗಾತ ಬೀಳ್ತಾನೆ. ನಿಮ್ಮ ಪುಟ ಸುಳ್ಳು ಅನ್ನಿಸೋಕೆ ದೊಡ್ಡ ಕಾರಣ ಇದೇ ಅಂತ ನನ್ನ ಅಂದಾಜು: ಮಳೆಯನ್ನು ಬರೆದಿದ್ದೀರಿ, ಆದರೆ ಆ ಮಳೆಯಲ್ಲಿ ಯಾರೂ ಜಾರ್ತಿಲ್ಲ.

ಒದೆತವನ್ನು ಕೆಳಗಿಳಿಸಿ. ಪುತ್ತರಿ ಹಬ್ಬದ ಪರಿಯ ಕಳಿ ನೋಡಿರ್ತೀರಲ್ಲ, ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ, ಏಟು ಮೊಣಕಾಲಿನ ಕೆಳಗೆ ಮಾತ್ರ. ಆ ಕಣ್ಣು ನಿಮ್ಮ ನಾಯಕನಿಗೆ ಇರಲಿ. ಹಾಕಿ ಆಡೋನು ಹೇಗೂ ಮಂಡಿ ಬಗ್ಗಿಸಿಯೇ ನಿಲ್ತಾನೆ. ದೊಡ್ಡವನು ಭಾರವನ್ನೆಲ್ಲ ಮುಂದಿನ ಕಾಲಿಗೆ ಹಾಕಿದಾಗ ಆ ಕಾಲಿನ ತೊಡೆಯ ಹೊರಬದಿಗೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಎರಡು ಮೂರು ಸಲ ಒದೆ ಬಿದ್ದರೆ ಅವನು ಕುಂಟೋಕೆ ಶುರು ಮಾಡ್ತಾನೆ. ಇಲ್ಲಿ ಪಾದ ಅಷ್ಟು ತಿರುಗಬೇಕಿಲ್ಲ, ಜಾರಿದರೂ ಚೇತರಿಸಿಕೊಳ್ಳಬಹುದು.

ಉಸಿರಿನ ಲೆಕ್ಕ ಬಿಡಬೇಡಿ. ಪೂರ್ತಿ ಬಲದ ಹೊಡೆತಕ್ಕೆ ಸ್ನಾಯುವಿನಲ್ಲಿರೋ ತಕ್ಷಣದ ಶಕ್ತಿ 10 ಸೆಕೆಂಡಿಗೆಲ್ಲ ತೀರುತ್ತೆ. ತರಬೇತಿ ಇಲ್ಲದವನಿಗೆ ಒಂದು ನಿಮಿಷದೊಳಗೆ ತೋಳು ಸೀಸ ಕಟ್ಟಿದ ಹಾಗೆ ಆಗುತ್ತೆ, ಗದ್ದ ಕಾಯಬೇಕಾದ ಕೈ ಎದೆಗಿಳಿಯುತ್ತೆ. ಬಾಕ್ಸರ್‌ಗಳು 3 ನಿಮಿಷದ ಸುತ್ತು ಮುಗಿಸೋದು ಶಕ್ತಿಯನ್ನು ಅಳೆದು ಬಳಸೋದರಿಂದ. ಹಾಕಿಯಲ್ಲಿ ಓಡು, ನಿಲ್ಲು, ಮತ್ತೆ ಓಡು ಅನ್ನೋ ಅಭ್ಯಾಸ ಇರೋದರಿಂದ ನಿಮ್ಮ ನಾಯಕನ ಉಸಿರು ಉಳಿದವರಿಗಿಂತ ಬೇಗ ಮರಳುತ್ತೆ. ಅವನ ನಿಜವಾದ ಬಲ ಅದು, ಕಥೆಯಲ್ಲಿ ಅದನ್ನೇ ಬಳಸಿ. ಹೊಡೆಸಿಕೊಳ್ಳೋದನ್ನು ಮಾತ್ರ ಹಾಕಿ ಕಲಿಸಲ್ಲ.

ಬಿಳಿ ಕೋಟು (ವಿರಾಜಪೇಟೆ):
ಮೇಲಿನವರು ಕಾಲಿನ ಬಗ್ಗೆ ಹೇಳಿದ್ದಾರೆ, ನಾನು ಕೈ ಮತ್ತು ತಲೆಯ ಬಗ್ಗೆ ಬರೀತೀನಿ.

ಈ ಮಾಂಗಾಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು ಮುಷ್ಟಿ. ಒಂದು ಕೈಯಲ್ಲಿ 27 ಮೂಳೆಗಳಿವೆ, ಹಣೆಯ ಮೂಳೆ ಅವೆಲ್ಲಕ್ಕಿಂತ ಗಟ್ಟಿ. ಕಲಿಯದವನು ಅಡ್ಡಡ್ಡ ಬೀಸಿದರೆ ಏಟು ಕಿರುಬೆರಳಿನ ಗೆಣ್ಣಿನ ಮೇಲೆ ಬೀಳುತ್ತೆ, ಅದರ ಹಿಂದಿನ ಅಂಗೈ ಮೂಳೆಯ ಕುತ್ತಿಗೆ ಮುರಿಯುತ್ತೆ. ಇದಕ್ಕೆ ಬಾಕ್ಸರ್ ಫ್ರ್ಯಾಕ್ಚರ್ ಅಂತಲೇ ಹೆಸರು. ಬರೆಯೋದು ಹೀಗೆ: ಮುಷ್ಟಿ ಕಟ್ಟಿದಾಗ ಸಾಲಾಗಿ ಕಾಣೋ ನಾಲ್ಕು ಗೆಣ್ಣಿನ ಗುಬ್ಬಿಗಳಲ್ಲಿ ಕೊನೆಯದು ಕಾಣೆಯಾಗಿರುತ್ತೆ, ಆ ಜಾಗ ತಗ್ಗಾಗಿ ಸುತ್ತ ಊದಿಕೊಂಡಿರುತ್ತೆ. ಸಾಮಾನ್ಯವಾಗಿ 3-4 ವಾರ ಪಟ್ಟಿ ಬೇಕು. ಗ್ಲೌಸ್ ಇಲ್ಲದೆ ಹತ್ತು ತಲೆಗೆ ಗುದ್ದಿದವನು ಮರುದಿನ ಪೆನ್ ಹಿಡಿಯೋದೂ ಕಷ್ಟ. ಅಂಗೈಯ ಬುಡದಿಂದ ಹೊಡೆಯೋದು, ಹೊಟ್ಟೆ-ಪಕ್ಕೆಗೆ ಗುದ್ದೋದು, ತಳ್ಳಿ ಬೀಳಿಸೋದು, ಇವು ಕೈ ಉಳಿಸುತ್ತವೆ.

ಎದುರಿನವನ ಹಲ್ಲು ಗೆಣ್ಣಿಗೆ ತಾಗಿದರೆ ಅರ್ಧ ಸೆಂ.ಮೀ. ಗಾಯ ಆಗುತ್ತೆ, ನೋಡೋಕೆ ಏನೂ ಅಲ್ಲ. ಆದರೆ ಮುಷ್ಟಿ ಬಿಚ್ಚಿದಾಗ ಒಳಗಿನ ಸ್ನಾಯುರಜ್ಜು ಹಿಂದೆ ಸರಿದು ಬಾಯಿಯ ಬ್ಯಾಕ್ಟೀರಿಯಾವನ್ನು ಕೀಲಿನ ಹತ್ತಿರ ಒಯ್ಯುತ್ತೆ. ಒಂದೆರಡು ದಿನದಲ್ಲಿ ಕೈ ಬಾತು ಕೀವಾಗುತ್ತೆ. ಇದು ಕಥೆಗೆ ಮಾತ್ರ ಅಲ್ಲ, ಓದುವ ಹುಡುಗರಿಗೂ ಹೇಳ್ತಿದ್ದೀನಿ. ಹಲ್ಲು ತಾಗಿದ ಗಾಯ ಎಷ್ಟೇ ಚಿಕ್ಕದಿರಲಿ, ಹರಿಯೋ ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಗಾಯ್ತು ಅಂತ ಮುಚ್ಚಿಡದೆ ಹೇಳಿ.

ಪ್ರಜ್ಞೆ ತಪ್ಪೋದು ನಿದ್ದೆ ಅಲ್ಲ. ನಿಜವಾಗಿ ತಲೆಗೆ ಬಿದ್ದಾಗ ಕೆಲವರ ತೋಳು ಗಾಳಿಯಲ್ಲೇ ಸೆಟೆದು ನಿಲ್ಲುತ್ತೆ. ಕೆಲವು ಸೆಕೆಂಡಿಗೆ ಎಚ್ಚರಾದವನು ‘ಏನಾಯ್ತು, ಎಲ್ಲಿದ್ದೀನಿ’ ಅಂತ ಐದೈದು ಸಲ ಅದೇ ಪ್ರಶ್ನೆ ಕೇಳ್ತಾನೆ. ಐದು ನಿಮಿಷ ಎಚ್ಚರವಿಲ್ಲದೆ ಬಿದ್ದವನು ಎದ್ದು ನಕ್ಕು ಗೆಳೆಯನಾಗೋ ದೃಶ್ಯ ದಯವಿಟ್ಟು ಬೇಡ. ಗುದ್ದಿಗಿಂತ ನೆಲ ಅಪಾಯ. ಹಿಂದಕ್ಕೆ ಬಿದ್ದು ತಲೆ ಕಲ್ಲಿಗೋ ಮೆಟ್ಟಿಲಿಗೋ ಬಡಿದರೆ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಬಹುದು. ಎದ್ದು ಕೂತು ಚೆನ್ನಾಗಿಯೇ ಮಾತಾಡಿದವನಿಗೆ ಕೆಲವು ಗಂಟೆ ಬಿಟ್ಟು ತಲೆನೋವು, ವಾಂತಿ, ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದು. ಆ ಹೊತ್ತಿಗೆ ಪ್ರತಿ ನಿಮಿಷ ಲೆಕ್ಕಕ್ಕೆ ಬರುತ್ತೆ, ಮಡಿಕೇರಿಯಿಂದ ಮೈಸೂರು 120 ಕಿ.ಮೀ. ದೂರ.

ಹಳೇ ಸಂಪುಟ (ಗೋಣಿಕೊಪ್ಪ):
ಇಬ್ಬರೂ ಹೇಳಿದ್ದು ಸರಿ. ಆದರೆ ಎಲ್ಲವನ್ನೂ ಹಾಗೇ ಪಾಲಿಸಿದರೆ ಯಾಂಕಿ ಮಾಂಗಾ ಉಳಿಯಲ್ಲ. ಇಲ್ಲಿ ಗುದ್ದು ಅಂದರೆ ಮಾತು. ಒಬ್ಬರಿಗೊಬ್ಬರು ನಿಂತು ಹೊಡೆದಾಡೋ ತಾಯ್ಮಾನ್‌ನಲ್ಲಿ ಯಾರು ಎಷ್ಟು ಸಲ ಎದ್ದರು ಅನ್ನೋದೇ ಸಂಭಾಷಣೆ. ಮೈಕಿಯನ್ನು ನಂಬೋದು ಒದೆತ ನೋಡಿ ಅಲ್ಲ. ಪಕ್ಕದಲ್ಲೇ 185 ಸೆಂ.ಮೀ.ಯ ಡ್ರಾಕನ್ ಅವನ ಮಾತಿಗೆ ತಲೆಬಾಗಿ ನಿಲ್ತಾನಲ್ಲ, ಅದನ್ನು ನೋಡಿ. ಒದೆಯೋಕೆ ಮೊದಲೇ ಸುತ್ತಲಿನವರ ಮುಖ ಅವನ ಬಲವನ್ನು ಹೇಳಿರುತ್ತೆ.

ಪಟ್ಟಿಯ ವಿಷಯ. ಒಬ್ಬನಿಗೆ ಒಂದೇ ಅಂಕ ಕೊಡಬೇಡಿ. ‘ಎ’ ‘ಬಿ’ಯನ್ನು ಸೋಲಿಸಿ, ‘ಬಿ’ ‘ಸಿ’ಯನ್ನು ಸೋಲಿಸಿದ ಮಾತ್ರಕ್ಕೆ ‘ಎ’ ‘ಸಿ’ಯನ್ನು ಸೋಲಿಸಬೇಕಿಲ್ಲ. ಗುದ್ದುವವನು ದೂರ ಕಾಯ್ತಾನೆ, ಜೂಡೋ ಬಲ್ಲವನು ಹತ್ತಿರ ಬಂದು ಡಾಂಬರಿನ ಮೇಲೆ ಎತ್ತಿ ಹಾಕ್ತಾನೆ. ಪಾತ್ರಕ್ಕೊಂದು ಹಾಳೆ ಇಡಿ: ತೂಕ, ತೋಳಿನ ಉದ್ದ, ಕಲಿತದ್ದೇನು, ಎಷ್ಟು ಹೊತ್ತು ಉಸಿರು, ಎಷ್ಟು ಏಟು ತಡೀತಾನೆ, ಯಾವುದಕ್ಕೆ ಹೆದರ್ತಾನೆ. ಪ್ರತಿ ಹೊಡೆದಾಟ ಆದಮೇಲೆ ಏನು ಖರ್ಚಾಯ್ತು ಅಂತ ಅದೇ ಹಾಳೆಯಲ್ಲಿ ಬರೀರಿ. ಖರ್ಚು ಕಾಣಿಸಿದರೆ ಓದುಗರು ದೊಡ್ಡ ಗೆಲುವನ್ನೂ ಒಪ್ತಾರೆ.

ಬಲ ಬೇರೆ, ನಾಯಕತ್ವ ಬೇರೆ. 1990ರಿಂದ 1998ರವರೆಗೆ ಬಂದ ‘ಕ್ರೌಸ್’ನಲ್ಲಿ ರಿಂಡಾಮನ್ ದೈತ್ಯ, ಆದರೆ ಗುಂಪು ಕಟ್ಟೋ ಆಸೆಯೇ ಅವನಿಗಿಲ್ಲ. ಹೊಡೆತದ ವಿವರ ಬೇಕಿದ್ದರೆ ‘ಹೋಲಿಲ್ಯಾಂಡ್’ ಓದಿ. ಅಲ್ಲಿ ಲೇಖಕರೇ ನಡುವೆ ಬಂದು ಯಾವ ಹೊಡೆತ ಯಾಕೆ ಕೆಲಸ ಮಾಡುತ್ತೆ ಅಂತ ವಿವರಿಸ್ತಾರೆ.

ಹತ್ತು ಜನರ ದೃಶ್ಯವನ್ನು ಬಯಲಲ್ಲಿ ಇಡಬೇಡಿ. ಬಯಲಲ್ಲಿ ಮೂವರು ಸುತ್ತುವರಿದರೆ ಸಾಕು, ಹಿಂದಿನಿಂದ ಒಬ್ಬ ಸೊಂಟ ಹಿಡಿದರೆ ಮುಗೀತು. ನಾಯಕ ಓಡಲಿ. ಓಡಿದಾಗ ಗುಂಪು ಉದ್ದವಾಗುತ್ತೆ, ಮೊದಲು ಬಂದವನು ಒಂಟಿ. ಇಳಿಜಾರಿನ ಕಿರಿದಾದ ಮೆಟ್ಟಿಲು ನಮ್ಮೂರಿನಲ್ಲಿ ಬೇಕಾದಷ್ಟಿವೆ, ಮೇಲ್ಗಡೆ ನಿಂತವನ ಮುಂದೆ ಒಂದು ಸಲಕ್ಕೆ ಒಬ್ಬನೇ ಬರಬಹುದು. ಇಬ್ಬರು ಬಿದ್ದಮೇಲೆ ಉಳಿದವರಲ್ಲಿ ಹೆಚ್ಚಿನವರು ಹಿಂದೆ ನಿಂತು ಕೂಗ್ತಾರೆ, ಅಷ್ಟೇ.

ಮಸಿಕಡ್ಡಿ:
ಎಲ್ಲರಿಗೂ ಧನ್ಯವಾದ. ಮೈದಾನ ತೆಗೆದು ಮೆಟ್ಟಿಲು ಹಾಕ್ತೀನಿ. ಕೊನೆಯಲ್ಲಿ ನಾಯಕ ಹಾಕಿ ಸ್ಟಿಕ್ ಎತ್ತಿಕೊಂಡರೆ 20 ಕೆ.ಜಿ. ಅಂತರ ಸರಿಹೋಗಲ್ವಾ?

ರಿಂಗ್ ಬದಿ:
ಸ್ಟಿಕ್ ಬೇಡ. ನಿಯಮದ ಪ್ರಕಾರ ಅದರ ಗರಿಷ್ಠ ತೂಕ 737 ಗ್ರಾಂ, ಬೀಸಿದರೆ ತಲೆಬುರುಡೆ ಒಡೆಯುತ್ತೆ. ಅಲ್ಲಿಂದ ಮುಂದೆ ಅದು ಕೊಲೆ ಪ್ರಕರಣದ ಕಥೆ. ಸ್ಟಿಕ್ಕನ್ನು ಮೊದಲ ಪುಟದಲ್ಲಿ ತೋರಿಸಿ, ಜಗಳಕ್ಕೆ ಮುಂಚೆ ಅವನೇ ಅದನ್ನು ಗೆಳೆಯನ ಕೈಗೆ ಕೊಟ್ಟು ಹೋಗಲಿ.

ಬಿಳಿ ಕೋಟು:
ಕೊಟ್ಟ ಸ್ಟಿಕ್ಕನ್ನು ಮರುದಿನ ವಾಪಸ್ ತಗೊಳ್ಳೋವಾಗ ಎಡಗೈ ಚಾಚಲಿ. ಬಲಗೈ ಜಾಕೆಟ್ ಜೇಬಿನಲ್ಲಿರಲಿ, 3 ವಾರ ಅಲ್ಲೇ ಇರಲಿ.