ಅಪ್‌ಡೇಟ್: ಹಳಿ ತಪ್ಪುತ್ತಿದ್ದ ರೋ-ರೋ ವ್ಯಾಗನ್ ಸರಿಯಾಯ್ತು

ಸುರತ್ಕಲ್‌ನಿಂದ ಲಾರಿ ಹೊತ್ತು ಹೋಗುವ ರೋ-ರೋ ರೈಲಿನ ಫ್ಲಾಟ್ ವ್ಯಾಗನ್‌ನ ಪುಟ್ಟ ಮಾದರಿಯನ್ನು 1:87 ಅಳತೆಯಲ್ಲಿ (ನಿಜದ 87ನೇ ಒಂದು ಭಾಗ) ಪ್ಲಾಸ್ಟಿಕ್ ಶೀಟಿನಿಂದ ಮಾಡಿದ್ದೆ, ತಿರುವಿನಲ್ಲಿ ಹಳಿ ತಪ್ಪುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಚಕ್ರ ಬದಲಿಸಿದೆ, ಉಪಯೋಗವಾಗಲಿಲ್ಲ. ಭಾರ ಹಾಕಿ ಅಂದವರ ಮಾತೇ ಸರಿ. ಆರಿಂಚಿನ ವ್ಯಾಗನ್‌ಗೆ ಸುಮಾರು 113 ಗ್ರಾಂ ಬೇಕಂತೆ, ನನ್ನದು ಬರೀ 40 ಇತ್ತು! ಮಲ್ಪೆಯಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ತಳದ ತೊಲೆಗಳ ನಡುವೆ ಕೂರಿಸಿದೆ. ಒಂದು ಬೋಗಿಯ (ತಳದಲ್ಲಿ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ) ಸ್ಕ್ರೂ ಸ್ವಲ್ಪ ಸಡಿಲ ಬಿಟ್ಟೆ. ನಿನ್ನೆ ಇಪ್ಪತ್ತು ಸುತ್ತು ಓಡಿತು, ಒಮ್ಮೆಯೂ ತಪ್ಪಲಿಲ್ಲ.

ಸೀಸಕ್ಕೆ ಮರಗೆಲಸದ ಬಿಳಿ ಗೋಂದು ಬೇಡ, ಎಪಾಕ್ಸಿ ಅಂಟು ಹಾಕಿ ಎಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ಎರಡು ವರ್ಷದ ಹಿಂದೆ ಆ ಗೋಂದು ಹಾಕಿದ್ದ ಹಳೇ ವ್ಯಾಗನ್ ಬಿಚ್ಚಿದರೆ ಸೀಸದ ತುಂಬ ಬಿಳಿ ಪುಡಿ, ತಳ ಉಬ್ಬಿ ಬಿರುಕು ಬಿಟ್ಟಿತ್ತು. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.