ಒಂದೇ ದಿನ, ಒಂದೇ ದಾರಿ, ಎರಡು ಪಕ್ಷದ ಮೆರವಣಿಗೆ: ಗದ್ದಲ ಆಗದಂತೆ ಏನು ಮಾಡಬೇಕು?

ಬಜಾರಿನ ವ್ಯಾಪಾರಿ, ಯಾದಗಿರಿ ಜಿಲ್ಲೆ (ಪ್ರಶ್ನೆ)
ಎಲ್ಲರಿಗೂ ಶರಣು. ಬರೋ ವಾರ ನಮ್ಮೂರಾಗ ಎರಡು ಪಕ್ಷದವರ ಮೆರವಣಿಗೆ ಅದಾವ. ದಿನ ಒಂದೇ, ದಾರಿನೂ ಒಂದೇ. ವಾಟ್ಸಾಪಿನಾಗ ಈಗಲೇ ‘ನೋಡ್ಕೋತೀವಿ’ ಅನ್ನೋ ಮಾತು ಶುರುವಾಗ್ಯಾವ. ನಾವು ಅಂಗಡಿಯವರು ಠಾಣೆಗೆ ಹೋಗಿ ಏನು ಕೇಳಬೇಕು? ಕಲ್ಲು ಬಿದ್ರ ಏನು ಮಾಡಬೇಕು? ಬಲ್ಲವರು ಹೇಳ್ರಿ.

ನಿವೃತ್ತ ಪಿಎಸ್‌ಐ, ಕಲಬುರಗಿ
ಬಾಯಿಮಾತಿನಲ್ಲಿ ಕೇಳಬೇಡ್ರಿ. ಹತ್ತು ಜನ ಸಹಿ ಮಾಡಿದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ತಹಶೀಲ್ದಾರರಿಗೂ ಹೋಗಲಿ. ಮೊದಲ ಬೇಡಿಕೆ, ದಾರಿ ಬೇರೆ ಮಾಡಬೇಕು. ಅದಾಗದಿದ್ದರೆ ಒಂದು ಮೆರವಣಿಗೆ ಪೂರ್ತಿ ಚದುರಿದ ಮೇಲೆ ಕನಿಷ್ಠ ಎರಡು ತಾಸು ಬಿಟ್ಟು ಇನ್ನೊಂದು ಹೊರಡಬೇಕು. ‘ಚದುರಿದ ಮೇಲೆ’ ಎಂದು ಬರೆಸಿರಿ. ಗಡಿಯಾರದ ಸಮಯ ಮಾತ್ರ ಬರೆದರೆ, ಮೊದಲನೆಯದು ತಡವಾಗಿ ಎರಡೂ ಚೌಕಿನಲ್ಲೇ ಎದುರಾಗುತ್ತವೆ. ಎದುರು ಪಕ್ಷದ ಕಚೇರಿ ಮುಂದೆ ಡಿಜೆ ಗಾಡಿ ನಿಲ್ಲುವಂತಿಲ್ಲ ಎಂಬ ಷರತ್ತೂ ಇರಲಿ.

ಎರಡನೆಯದು, ಕಲ್ಲು. ಎಸೆಯುವ ಕಲ್ಲು ಬಹಳ ಸಲ ಹೊರಗಿನಿಂದ ಬರುವುದಿಲ್ಲ, ಅಲ್ಲೇ ಬಿದ್ದಿರುತ್ತದೆ: ಚರಂಡಿ ಕೆಲಸದ ಜಲ್ಲಿ, ಮನೆ ಕಟ್ಟುವವರ ಇಟ್ಟಿಗೆ, ಒಡೆದ ಶಹಾಬಾದ್ ಕಲ್ಲಿನ ಚೂರು, ಖಾಲಿ ಸೋಡಾ ಬಾಟಲಿಯ ಕ್ರೇಟು. ಹಿಂದಿನ ದಿನ ದಾರಿಯುದ್ದಕ್ಕೂ ನಡೆದು ಪಟ್ಟಿ ಮಾಡಿರಿ, ಸಂಜೆಯೊಳಗೆ ನಗರಸಭೆ ಟ್ರ್ಯಾಕ್ಟರ್ ತರಿಸಿ ಎತ್ತಿಸಿರಿ. ಮಾಳಿಗೆ ಮೇಲೆ ಸಾಮಾನು ಇಟ್ಟವರಿಗೂ ಹೇಳಿರಿ. ಬಂದೋಬಸ್ತಿಗೆ ಇಪ್ಪತ್ತು ಮಂದಿ ಹೆಚ್ಚು ಬರುವುದಕ್ಕಿಂತ ಈ ಕೆಲಸದಿಂದ ಲಾಭ ಜಾಸ್ತಿ.

ಪೊಲೀಸರ ಕಡೆ ಆಗುವ ದೊಡ್ಡ ತಪ್ಪು, ಗುಂಪನ್ನು ಎರಡೂ ಕಡೆಯಿಂದ ಮುಚ್ಚಿಬಿಡುವುದು. ಓಡಲು ದಾರಿ ಇಲ್ಲದ ಗುಂಪು ಓಣಿಗೆ, ಅಂಗಡಿಗೆ ನುಗ್ಗುತ್ತದೆ. ಒಂದು ಅಗಲವಾದ ರಸ್ತೆ ತೆರೆದಿಟ್ಟು, ‘ಈ ಕಡೆ ಹೋಗ್ರಿ’ ಎಂದು ಧ್ವನಿವರ್ಧಕದಲ್ಲಿ ಪದೇ ಪದೇ ಹೇಳಬೇಕು. ಕನ್ನಡದಲ್ಲಷ್ಟೇ ಅಲ್ಲ, ನಿಮ್ಮ ಕಡೆ ಉರ್ದು, ತೆಲುಗು, ಬೀದರ್ ಗಡಿಯಲ್ಲಾದರೆ ಮರಾಠಿಯಲ್ಲೂ. ಅಶ್ರುವಾಯು ಸಿಡಿಸುವ ಮುಂಚೆ ಗಾಳಿ ಯಾವ ಕಡೆಗಿದೆ ನೋಡಬೇಕು. ಇಕ್ಕಟ್ಟಿನ ಓಣಿಯಲ್ಲಿ ಸಿಡಿಸಿದರೆ ಮನೆಯೊಳಗಿನ ಕೂಸು, ಮುದುಕರೇ ಮೊದಲು ಕೆಮ್ಮುತ್ತಾರೆ. ಲಾಠಿ ಬಿದ್ದರೆ ಕಾಲಿಗೆ, ತಲೆಗಲ್ಲ. ಗುಂಪು ಚದುರತೊಡಗಿದ ಕೂಡಲೇ ಬಲಪ್ರಯೋಗ ನಿಲ್ಲಬೇಕು.

ವಕೀಲರು, ಕಲಬುರಗಿ ಪೀಠ
ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಕಲಬುರಗಿ ನಗರದಲ್ಲಿ 2019ರಿಂದ ಕಮಿಷನರೇಟ್ ಇದೆ, ನಿಷೇಧಾಜ್ಞೆ ಪೊಲೀಸ್ ಕಮಿಷನರ್ ಅವರೇ ಹೊರಡಿಸುತ್ತಾರೆ. ಯಾದಗಿರಿ, ಬೀದರ್‌ನಲ್ಲಿ ಅದು ಜಿಲ್ಲಾಧಿಕಾರಿ ಮತ್ತು ಅವರ ಕೆಳಗಿನ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಕೆಲಸ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 144 ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 163. ನಿಷೇಧಾಜ್ಞೆ ಎಂದರೆ ಕರ್ಫ್ಯೂ ಅಂತ ತಿಳಿದು ಷಟರ್ ಎಳೆಯಬೇಡಿ. ಯಾವ ಪ್ರದೇಶ, ಎಷ್ಟು ಹೊತ್ತು, ಏನು ನಿಷಿದ್ಧ ಎಂದು ಆದೇಶದಲ್ಲಿ ಓದಿ.

ಊರಿಗೇ ನಿಷೇಧ ಹಾಕುವುದಕ್ಕಿಂತ, ಗದ್ದಲ ಎಬ್ಬಿಸುತ್ತಾರೆ ಎಂಬ ಆಧಾರವಿರುವ ಎಂಟು-ಹತ್ತು ಮಂದಿಯಿಂದ ಇದೇ ಸಂಹಿತೆಯ ಕಲಂ 126ರಡಿ ಶಾಂತಿಪಾಲನೆಯ ಮುಚ್ಚಳಿಕೆ ಬರೆಸಿಕೊಳ್ಳುವುದು ಒಳ್ಳೆಯದು. ಎರಡೂ ಕಡೆಯವರಿಂದ ಬರೆಸಬೇಕು. ಒಂದೇ ಕಡೆಯವರನ್ನು ಹಿಡಿದರೆ ಅದೇ ಹೊಸ ಜಗಳಕ್ಕೆ ನೆಪ.

ದಿನಾಂಕದ ಪೈಪೋಟಿಗೆ ದಾರಿ ಇದೆ. 2025ರಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರದಲ್ಲಿ ಒಂದೇ ದಿನಕ್ಕೆ ಹಲವು ಸಂಘಟನೆಗಳು ಮೆರವಣಿಗೆ ಕೇಳಿದಾಗ ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಬಂತು. ಶಾಂತಿ ಸಭೆ ನಡೆದು, ಕೊನೆಗೆ ಜನರ ಸಂಖ್ಯೆಗೆ ಮಿತಿ ಹಾಕಿ ನವೆಂಬರ್ 16ರ ಆರೆಸ್ಸೆಸ್ ಪಥಸಂಚಲನಕ್ಕೆ ಅನುಮತಿ ಸಿಕ್ಕಿತು. ಶಾಂತಿ ಸಭೆಯಲ್ಲಿ ಚಹಾ ಕುಡಿದು ಎದ್ದು ಬರಬೇಡಿ; ನಡಾವಳಿ ಬರೆಸಿ, ಮುಖಂಡರ ಸಹಿ ಹಾಕಿಸಿ.

ಪಂಚಾಯಿತಿ ಸದಸ್ಯರು, ಔರಾದ್ ಕಡೆಯವರು
ವಾಟ್ಸಾಪ್ ವಿಷಯ ಹಗುರಾಗಿ ತಗೋಬ್ಯಾಡ್ರಿ. 2018ರ ಜುಲೈ 13ಕ್ಕೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನೋ ಸುಳ್ಳು ಸುದ್ದಿಗೆ ಹೈದರಾಬಾದಿನ ಯುವಕನ ಜೀವ ಹೋಯ್ತು. ಅವರು ಹೊಂಟಿದ್ದ ಕಾರಿಗಿಂತ ಸುದ್ದಿ ಮುಂದ ಓಡಿತ್ತು. ನಾಲ್ಕೇ ದಿನಕ್ಕೆ ಸುಪ್ರೀಂ ಕೋರ್ಟ್, ಗುಂಪು ಹಿಂಸೆ ತಡೆಯೋಕೆ ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ನೋಡಲ್ ಅಧಿಕಾರಿ ಇರಬೇಕು ಅಂತ ಹೇಳ್ತು. ಗ್ರೂಪ್ ಅಡ್ಮಿನ್‌ಗಳು ಆ ದಿನ ‘ಅಡ್ಮಿನ್ ಮಾತ್ರ ಕಳಿಸಬಹುದು’ ಅಂತ ಸೆಟ್ಟಿಂಗ್ ಇಡ್ರಿ. ಪ್ರಚೋದನೆ ಮೆಸೇಜ್ ಬಂದ್ರ ನಂಬರು, ತಾರೀಖು, ಸಮಯ ಕಾಣೋ ಹಂಗ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡ್ರಿ. ‘ನೋಡ್ರಿ ಹೆಂಗ ಬರ್ದಾನ’ ಅಂತ ಮುಂದಕ್ಕೆ ಕಳಿಸಿದ್ರ ನೀವೂ ಹರಡಿದಂಗೇ.

ಬಜಾರಿನ ವ್ಯಾಪಾರಿ
ಉಪಕಾರ ಆಯ್ತ್ರಿ. ಇಷ್ಟೆಲ್ಲ ಮಾಡಿದ ಮೇಲೂ ಆದ್ರ? ಗಾಯ, ನಷ್ಟ?

ನರ್ಸ್, ಬೀದರ್
112ಕ್ಕೆ ಕರೆ ಮಾಡಿ ಊರು, ಓಣಿ, ಹತ್ತಿರದ ಗುರುತು ಹೇಳಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಒತ್ತಿ ಹಿಡಿಯಿರಿ, ಹತ್ತು ನಿಮಿಷ ಬಿಡಬೇಡಿ. ನಿಂತಿತೇನೋ ಎಂದು ಮಧ್ಯೆ ಎತ್ತಿ ನೋಡುವುದರಿಂದಲೇ ಮತ್ತೆ ಸುರಿಯುತ್ತದೆ. ಒಳಗೆ ಚುಚ್ಚಿಕೊಂಡ ಗಾಜು ಕೀಳಬೇಡಿ. ತಲೆಗೆ ಕಲ್ಲು ಬಿದ್ದವರು ಮಾತಾಡುತ್ತಿದ್ದರೂ, ವಾಂತಿ ಅಥವಾ ಮಂಪರು ಕಂಡರೆ ತಡ ಮಾಡದೆ ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಯಿಮ್ಸ್‌ಗೆ ಒಯ್ಯಿರಿ. ಅಶ್ರುವಾಯು ತಾಗಿದ ಕಣ್ಣು ಉಜ್ಜಬೇಡಿ, ಬರೀ ನೀರಿನಿಂದ ತೊಳೆಯಿರಿ. ಆಸ್ಪತ್ರೆಯಲ್ಲಿ ‘ಬಿದ್ದೆ’ ಅನ್ನಬೇಡಿ. ಕಲ್ಲೇಟು ಎಂದೇ ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ಗಾಯದ ದಾಖಲೆ) ಮಾಡಿಸಿ.

ವಕೀಲರು, ಕಲಬುರಗಿ ಪೀಠ
ನಷ್ಟದ ಮಾತು. ಗಾಜು ಗುಡಿಸುವ ಮೊದಲು ಫೋಟೋ, ವಿಡಿಯೊ, ಪಂಚನಾಮೆ ಆಗಲಿ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಿರಿ, ಅದಾದ ಮೇಲೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಸಿಸಿಟಿವಿಯ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ಹಳೆಯದರ ಮೇಲೆ ತಾನೇ ಬರೆದುಕೊಳ್ಳುತ್ತದೆ. ಆ ರಾತ್ರಿಯೇ ಪ್ರತಿ ತೆಗೆದಿಡಿ. ಕೋರ್ಟಿಗೆ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ ಕಲಂ 63(4)ರಂತೆ ಡಿಜಿಟಲ್ ದಾಖಲೆಯ ಪ್ರಮಾಣಪತ್ರ ಬೇಕು.

ಅಂಗಡಿ ವಿಮೆಯಲ್ಲಿ ಗಲಭೆ, ಮುಷ್ಕರದ ಹಾನಿ ಸೇರಿದೆಯೇ ಎಂದು ಈ ವಾರವೇ ಪಾಲಿಸಿ ತೆಗೆದು ನೋಡಿ. ಬೈಕಿಗೆ ಥರ್ಡ್ ಪಾರ್ಟಿ ಮಾತ್ರ ಇದ್ದರೆ ಸುಟ್ಟ ಬೈಕಿಗೆ ಏನೂ ಬರುವುದಿಲ್ಲ. ಹಾನಿ ಮಾಡಿದವರಿಂದ ವಸೂಲಿಯ ದಾರಿಯೂ ಉಂಟು: 2020ರ ಆಗಸ್ಟ್‌ನ ಬೆಂಗಳೂರು ಡಿ.ಜೆ. ಹಳ್ಳಿ ಗಲಭೆಯ ಬಳಿಕ ಹೈಕೋರ್ಟ್ ನಷ್ಟ ಅಂದಾಜಿಸಲು ಕ್ಲೇಮ್ಸ್ ಕಮಿಷನರ್ ನೇಮಿಸಿತ್ತು. ಅಲ್ಲಿಗೂ ಬೇಕಾಗುವುದು ಸ್ಟಾಕ್ ಪುಸ್ತಕ, ಖರೀದಿ ಬಿಲ್ಲು, ಜಿಎಸ್‌ಟಿ ಲೆಕ್ಕ. ಅವುಗಳ ಒಂದು ಪ್ರತಿ ಅಂಗಡಿಯ ಹೊರಗೆ, ಮನೆಯಲ್ಲಿರಲಿ.

ನಿಮ್ಮ ಹುಡುಗರಿಗೂ ಒಂದು ಮಾತು. ಐದು ಜನ ಸೇರಿ ಕಾನೂನುಬಾಹಿರ ಉದ್ದೇಶ ಇಟ್ಟುಕೊಂಡರೆ ಸಾಕು, ಅದು ಅಕ್ರಮ ಕೂಟ. ಆ ಉದ್ದೇಶಕ್ಕಾಗಿ ಒಬ್ಬ ಎಸೆದ ಕಲ್ಲಿಗೆ ಕೂಟದವರೆಲ್ಲ ಹೊಣೆ. ವಿಡಿಯೊ ಮಾಡುವವರು ಮಾಳಿಗೆಯಿಂದ ಮಾಡಲಿ, ಗುಂಪಿನ ನಡುವೆ ನಿಂತಲ್ಲ.