ಪಾರ್ಕಿಗೆ "ಅರ್ಧ ನೀವು ಹಾಕಿ, ಅರ್ಧ ಸರ್ಕಾರ ಹಾಕುತ್ತದೆ" ಅನ್ನುತ್ತಾರೆ, ನಿಜವಾ?

ಬೇವಿನ_ನೆರಳು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಸೇಡಂ ರಸ್ತೆ ಕಡೆ ಒಂದು ಹಳೇ ಬಡಾವಣೆ. ನಡುವೆ ಸುಮಾರು ಮೂವತ್ತು ಗುಂಟೆ ಜಾಗ ಪಾರ್ಕ್ ಅಂತ ಬಿಟ್ಟಿದ್ದಾರೆ. ಪಾರ್ಕ್ ಇರುವುದು ನಕ್ಷೆಯಲ್ಲಿ ಮಾತ್ರ. ನೆಲದ ಮೇಲೆ ನೋಡಿದರೆ ನಾಲ್ಕು ಬೇವಿನ ಮರ, ಜಾಲಿ ಕಂಟಿ, ಮೂಲೆಯಲ್ಲಿ ಯಾರೋ ಮನೆ ಕೆಡವಿ ತಂದು ಸುರಿದ ಕಲ್ಲು ಮಣ್ಣಿನ ಗುಡ್ಡೆ. ಹುಡುಗರು ಟ್ರಾನ್ಸ್‌ಫಾರ್ಮರ್ ಪಕ್ಕದ ಗೋಡೆಗೆ ಇದ್ದಿಲಿನಿಂದ ಮೂರು ಗೀಟು ಎಳೆದು ವಿಕೆಟ್ ಮಾಡಿಕೊಂಡಿದ್ದಾರೆ. ಬಾಲು ಕಂಟಿಯೊಳಗೆ ಹೋದರೆ ಆಟ ಮುಗಿದಂತೆ, ಯಾಕೆಂದರೆ ಅಲ್ಲಿ ಹಾವಿದೆ ಅಂತ ಎಲ್ಲರಿಗೂ ಗೊತ್ತು.

ಈ ವರ್ಷ ಹೇಗೋ ಮನಸ್ಸು ಮಾಡಿ ಮನೆ ಮನೆಗೆ ಹೋಗಿ ನಾಲ್ಕು ಲಕ್ಷದಷ್ಟು ಕೂಡಿಸಿದ್ದೇವೆ. ಒಂದು ಕಚೇರಿಯಲ್ಲಿ ಒಬ್ಬರು, "ಮ್ಯಾಚಿಂಗ್ ಗ್ರಾಂಟ್ ಅಂತ ಇರುತ್ತದೆ ರೀ, ನೀವು ಅರ್ಧ ಕಟ್ಟಿದರೆ ಸರ್ಕಾರ ಅರ್ಧ ಕೊಡುತ್ತದೆ, ಮೊದಲು ನಿಮ್ಮ ಪಾಲು ತಂದುಬಿಡಿ" ಅಂದರು. ಯಾವ ಯೋಜನೆ ಅಂತ ಕೇಳಿದರೆ "ಅದೆಲ್ಲಾ ನಾವು ನೋಡಿಕೊಳ್ಳುತ್ತೇವೆ" ಅನ್ನುತ್ತಾರೆ. ಸಂಘದಲ್ಲಿ ಅರ್ಧ ಜನ ಕೊಟ್ಟುಬಿಡೋಣ ಅನ್ನುತ್ತಾರೆ, ಅರ್ಧ ಜನ ರಶೀದಿ ಇಲ್ಲದೆ ಒಂದು ರೂಪಾಯಿ ಬೇಡ ಅನ್ನುತ್ತಾರೆ. ಇಂಥ ಯೋಜನೆ ನಿಜವಾಗಿ ಇದೆಯಾ? ಯಾರಿಗೆ ಅರ್ಜಿ ಹಾಕಬೇಕು?

ಹಳೇ_ಫೈಲು (ಯಾದಗಿರಿ)

ಮೊದಲ ಮಾತು, ಆ ನಾಲ್ಕು ಲಕ್ಷ ಯಾರ ಕೈಗೂ ಕೊಡಬೇಡಿ. ಸಂಘದ ಖಾತೆಯಲ್ಲೇ ಇರಲಿ.

ನಗರಸಭೆ ಲೆಕ್ಕ ಬರೆದು ಬರೆದೇ ನನ್ನ ತಲೆ ಹಣ್ಣಾಗಿದೆ, ಅದಕ್ಕೆ ಹೇಳುತ್ತಿದ್ದೇನೆ. ಮ್ಯಾಚಿಂಗ್ ಗ್ರಾಂಟ್ ಸುಳ್ಳಲ್ಲ, ಆದರೆ ಅದರಲ್ಲಿ ನಿಮ್ಮ ಪಾಲು ಅಂತ ಏನೂ ಇಲ್ಲ. ಕೇಂದ್ರ ಇಷ್ಟು ಕೊಟ್ಟರೆ ರಾಜ್ಯ ಮತ್ತು ನಗರದ ಆಡಳಿತ ಸೇರಿ ಉಳಿದದ್ದನ್ನು ಹಾಕಬೇಕು, ಅದಕ್ಕೆ ಮ್ಯಾಚಿಂಗ್ ಅನ್ನುವುದು. ಊರುಗಳ ಸೌಕರ್ಯಕ್ಕೆ ಕೇಂದ್ರ ದುಡ್ಡು ಕೊಡುವ ಅಮೃತ್ ಯೋಜನೆಯನ್ನೇ ನೋಡಿ. 2015ರ ಜೂನ್‌ನಲ್ಲಿ ದೇಶದ 500 ಊರುಗಳಿಗೆ ಅಂತ ಶುರುವಾಯಿತು, ಕಲಬುರಗಿ, ಬೀದರ್ ಎರಡೂ ಅದರಲ್ಲಿದ್ದವು. ಹತ್ತು ಲಕ್ಷದೊಳಗಿನ ಊರಿಗೆ ಕೇಂದ್ರದ ಪಾಲು ಅರ್ಧ. ನೀರು, ಒಳಚರಂಡಿಯೇ ಅದರ ಮುಖ್ಯ ಕೆಲಸ, ಹಸಿರು ಜಾಗ ಮತ್ತು ಪಾರ್ಕಿಗೆ ಶೇ 2.5ರ ಮಿತಿ ಇಟ್ಟಿದ್ದರು. ಊಟದ ಎಲೆಯಲ್ಲಿ ಉಪ್ಪಿನಕಾಯಿ ಇದ್ದಂತೆ.

2021ರ ಅಕ್ಟೋಬರ್‌ನಲ್ಲಿ ಅಮೃತ್ 2.0 ಬಂತು. ಅದರಲ್ಲಿ ಲೆಕ್ಕ ಬದಲಾಯಿತು. ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ ಕೇಂದ್ರ ಅರ್ಧ, ಒಂದರಿಂದ ಹತ್ತು ಲಕ್ಷಕ್ಕೆ ಮೂರನೇ ಒಂದು ಪಾಲು, ಅದಕ್ಕೂ ದೊಡ್ಡ ಊರಿಗೆ ಕಾಲು ಭಾಗ. 2011ರ ಜನಗಣತಿ ಪ್ರಕಾರ ಕಲಬುರಗಿಯಲ್ಲಿ ಐದು ಲಕ್ಷದ ಮೇಲೆ ಜನ, ಹಾಗಾಗಿ ನಿಮಗೆ ಮೂರನೇ ಒಂದು. ನಮ್ಮ ಯಾದಗಿರಿಗೆ ಅರ್ಧ. ಚಿಕ್ಕ ಊರಾಗಿರುವುದಕ್ಕೆ ಇದೊಂದು ಲಾಭವಾದರೂ ಇದೆ, ಬಿಡಿ.

ಈ ಲೆಕ್ಕದಲ್ಲಿ ಬಡಾವಣೆ ಸಂಘ ಎಲ್ಲಿಯೂ ಬರುವುದಿಲ್ಲ. ನೀವು ಪಾಲು ಕಟ್ಟಿದರೆ ದುಡ್ಡು ಬರುತ್ತದೆ ಅಂತ ಹೇಳಿದವರು ಆದೇಶದ ಪ್ರತಿ ತೋರಿಸಲಿ. ತೋರಿಸದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಜನ ಕೇಳಿ ಪಡೆಯಬಹುದಾದ ದುಡ್ಡು ಬೇರೆ ಇದೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ನಿಮ್ಮೂರಲ್ಲೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಹುಟ್ಟಿದ ಮಂಡಳಿ ಅದು, ಏಳು ಜಿಲ್ಲೆಗೂ ಅದರ ದುಡ್ಡು ಹೋಗುತ್ತದೆ. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಒಂದೇ: ಜಾಗ ಯಾರ ಹೆಸರಲ್ಲಿದೆ? ಲೇಔಟ್ ಮಾಡಿದವರು ಪಾರ್ಕನ್ನು ಪಾಲಿಕೆಗೆ ಬರೆದುಕೊಟ್ಟಿದ್ದಾರಾ? ಎಷ್ಟೋ ಕಡೆ ಇಪ್ಪತ್ತು ವರ್ಷವಾದರೂ ಬರೆದುಕೊಟ್ಟಿರುವುದಿಲ್ಲ. ಕಾಗದ ಇಲ್ಲದ ಜಾಗಕ್ಕೆ ಎಂಜಿನಿಯರ್ ಅಂದಾಜು ಪಟ್ಟಿ ಬರೆಯುವುದಿಲ್ಲ, ಬರೆದರೂ ಮಂಜೂರಾಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಅದು ನೆನಪಿರಲಿ. ಕಥೆ ಬರೆದರೆ ವಾಪಸ್ ಬರುತ್ತದೆ.

ದೂರದೂರು

ನಾನೂ ಕಲಬುರಗಿಯವನೇ, ಈಗ ಅಮೆರಿಕದಲ್ಲಿದ್ದೇನೆ. ಊರಿನ "ಅಪ್ಪನ ಕೆರೆ" ಏರಿ ಮೇಲೆ ಸೈಕಲ್ ಕಲಿತವನು. ಇಲ್ಲಿ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಫಲಕ ಇದೆ, ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಷನ್ ಫಂಡ್ ದುಡ್ಡಿನಿಂದ ಆದದ್ದು ಅಂತ. ಏನಿದು ಅಂತ ಓದುತ್ತಾ ಹೋದೆ. 1964ರ ಕಾನೂನು. ಸಮುದ್ರದಲ್ಲಿ ಎಣ್ಣೆ, ಗ್ಯಾಸ್ ತೆಗೆಯುವ ಕಂಪನಿಗಳಿಂದ ಸರ್ಕಾರಕ್ಕೆ ಬರುವ ದುಡ್ಡಿನಲ್ಲಿ ಒಂದು ಭಾಗ ಇದಕ್ಕೆ. 2020ರಿಂದ ವರ್ಷಕ್ಕೆ 90 ಕೋಟಿ ಡಾಲರ್ ಕಾಯಂ ಮಾಡಿದ್ದಾರೆ. ಅದೆಲ್ಲಾ ಪಾರ್ಕಿಗೇ ಅಲ್ಲ, ಕಾಡು ಉಳಿಸುವುದಕ್ಕೂ ಹೋಗುತ್ತದೆ. ಊರಿನ ಪಾರ್ಕು, ಆಟದ ಬಯಲಿಗೆ ರಾಜ್ಯದ ಮೂಲಕ ಕೊಡುತ್ತಾರೆ, ಖರ್ಚಿನ ಅರ್ಧದವರೆಗೆ. ಉಳಿದರ್ಧ ಊರಿನದು.

ನಿಮ್ಮ ಪ್ರಶ್ನೆಗೆ ಹತ್ತಿರ ಇರುವ ಎರಡು ವಿಷಯ ಅಲ್ಲಿವೆ. ಊರಿನ ಅರ್ಧ ನಗದೇ ಆಗಬೇಕು ಅಂತಿಲ್ಲ. ಯಾರಾದರೂ ದಾನ ಕೊಟ್ಟ ಜಾಗ, ಜನ ಸುಮ್ನೆ ಬಂದು ಮಾಡಿದ ಕೆಲಸ, ಇವಕ್ಕೂ ಬೆಲೆ ಕಟ್ಟಿ ಪಾಲಿಗೆ ಹಿಡಿಯುತ್ತಾರೆ. ಶನಿವಾರ ಬಂದು ಗುಂಡಿ ತೋಡಿದವರು ಹೆಸರು ಬರೆದು, ಎಷ್ಟು ತಾಸು ಅಂತ ಸಹಿ ಹಾಕುತ್ತಾರೆ. ಆ ಹಾಳೆಯೇ ದುಡ್ಡು! ಇನ್ನೊಂದು, ಸರ್ಕಾರದ ಅರ್ಧ ಮೊದಲೇ ಬರುವುದಿಲ್ಲ. ಊರು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ ವಾಪಸ್ ಕೊಡುತ್ತಾರೆ.

ಒಮ್ಮೆ ಈ ದುಡ್ಡು ಮುಟ್ಟಿದ ಜಾಗ ಯಾವತ್ತಿಗೂ ಆಟ, ವಿಹಾರಕ್ಕೇ ಉಳಿಯಬೇಕು. ಬೇರೆ ಏನಾದರೂ ಕಟ್ಟಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು, ಅಷ್ಟೇ ಬೆಲೆಯ, ಅಷ್ಟೇ ಉಪಯೋಗದ ಬೇರೆ ಜಾಗ ಕೊಡಬೇಕು. ನನಗೆ ಅರ್ಧ ದುಡ್ಡಿಗಿಂತ ಈ ಷರತ್ತೇ ದೊಡ್ಡದು ಅನಿಸಿತು.

ಹಳೇ_ಫೈಲು (ಯಾದಗಿರಿ)

ತಮ್ಮಾ, ಆ ಷರತ್ತಿನಂಥದ್ದು ನಮ್ಮಲ್ಲೂ ಇದೆ, ದುಡ್ಡಿನ ಜೊತೆ ಬರುವುದಿಲ್ಲ ಅಷ್ಟೇ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸುವುದಕ್ಕೆ ಅಂತಲೇ 1985ರ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿನ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಲಿಲ್ಲ. ಬೇವಿನ ನೆರಳು ಅವರು ಮಾಹಿತಿ ಹಕ್ಕಿನಲ್ಲಿ ಕೇಳುವಾಗ, ಈ ಕಾಯ್ದೆಯ ಪಟ್ಟಿಯಲ್ಲಿ ನಮ್ಮ ಪಾರ್ಕ್ ಇದೆಯಾ ಅಂತಲೂ ಇನ್ನೊಂದು ಅರ್ಜಿ ಹಾಕಲಿ.

ಕೆಂಪು_ಕಲ್ಲು (ಬೀದರ್)

ಎಲ್ಲರೂ ಕಟ್ಟುವ ದುಡ್ಡಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಬಡಾವಣೆಯಲ್ಲಿ ಪಾರ್ಕ್ ಆಗಿದೆ. ರಿಬ್ಬನ್ ಕಟ್ ಮಾಡಿದ ದಿನ ನಾನೇ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಕಮಾನು, ಹುಲ್ಲಿನ ಹಾಸು, ಓಪನ್ ಜಿಮ್ ಎಲ್ಲ ಇತ್ತು. ಮೊದಲ ಬೇಸಿಗೆಗೆ ಹುಲ್ಲು ಹೋಯಿತು. ಎರಡನೇ ಬೇಸಿಗೆಗೆ ಬೋರಿನ ಸ್ಟಾರ್ಟರ್ ಯಾರೋ ಬಿಚ್ಚಿಕೊಂಡು ಹೋದರು. ಅದಕ್ಕೆ ಯಾರು ದುಡ್ಡು ಹಾಕಬೇಕು ಅಂತ ಎಂಟು ತಿಂಗಳು ಪತ್ರ ಬರೆದೆವು. ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತು ದಾಟಿದರೆ ಜಿಮ್ಮಿನ ಕಬ್ಬಿಣ ಕೈಗೆ ಹತ್ತಿಕೊಳ್ಳುತ್ತದೆ. ಈಗ ಅದರ ಮೇಲೆ ಅರಿವೆ ಒಣಹಾಕುತ್ತಾರೆ.

ಅನುದಾನದಲ್ಲಿ ನೀರಿನ ಬಿಲ್ಲು, ಕರೆಂಟು, ಮಾಲಿಯ ಪಗಾರ ಇರುವುದಿಲ್ಲ. ಮೇಲೆ ಹೇಳಿದ ಅಮೃತ್‌ನಲ್ಲೂ ನಿರ್ವಹಣೆ ಖರ್ಚನ್ನು ಕೇಂದ್ರದ ಪಾಲಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ನಾನು ಹೇಳುವುದು, ನಿಮ್ಮ ನಾಲ್ಕು ಲಕ್ಷ ಕಟ್ಟುವುದಕ್ಕೆ ಹಾಕಲೇಬೇಡಿ. ಬ್ಯಾಂಕಿನಲ್ಲಿ ಎಫ್‌ಡಿ ಇಡಿ. ಕಟ್ಟುವುದು ಸರ್ಕಾರದ ದುಡ್ಡಿನಲ್ಲಿ ಆಗಲಿ, ಮೂರು ವರ್ಷ ತಡವಾದರೂ ಆಗಲಿ. ನಿರ್ವಹಣೆ ನಾವು ನೋಡಿಕೊಳ್ಳುತ್ತೇವೆ ಅಂತ ಬರೆದುಕೊಟ್ಟು, ಅದಕ್ಕೆ ಒಪ್ಪಂದ ಮಾಡಿಕೊಳ್ಳಿ. ಹಾಗೆ ಬರೆದುಕೊಡುವ ಬಡಾವಣೆಯ ಅರ್ಜಿಗೆ ಬೆಲೆ ಜಾಸ್ತಿ, ಯಾಕೆಂದರೆ ಕಚೇರಿಯವರಿಗೂ ದೊಡ್ಡ ತಲೆನೋವು ಅದೇ.

ಇನ್ನೊಂದು ಮಾತು. ನನ್ನ ತವರು ಚಿತ್ತಾಪುರ, ನಿಮ್ಮ ಕಡೆಯ ಎರೆ ಮಣ್ಣು ಗೊತ್ತು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಬ್ಲಾಕ್ ಹಾಕಿದರೆ ವಾಕಿಂಗ್ ದಾರಿ ಒಂದೇ ವರ್ಷಕ್ಕೆ ಅಲೆ ಅಲೆಯಾಗುತ್ತದೆ, ಮುದುಕರು ಎಡವಿ ಬೀಳುತ್ತಾರೆ. ಮಣ್ಣು ತೆಗೆದು, ಮೊರಂ ಅಂದರೆ ಗರಸು ಮಣ್ಣು ತುಂಬಿ, ನೀರು ಹೊಡೆದು ರೋಲರ್ ಹೊಡೆಸಬೇಕು. ಅಂದಾಜು ಪಟ್ಟಿಯಲ್ಲಿ ಅದು ಇದೆಯಾ ನೋಡಿ. ಹುಲ್ಲು ಬೇಡವೇ ಬೇಡ, ಬೇವು, ಹೊಂಗೆ ಹಾಕಿ.

ಜೋಳದ_ರೊಟ್ಟಿ

ಓಪನ್ ಜಿಮ್ಮಿನ ಮೇಲೆ ಅರಿವೆ ಒಣಗಿಸುವುದೂ ಸಾರ್ವಜನಿಕ ಉಪಯೋಗವೇ ಅಲ್ವಾ ಅಕ್ಕಾ 😄

ಬೇವಿನ_ನೆರಳು (ಕಲಬುರಗಿ)

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಬೇವಿನ ಮರದ ಕೆಳಗೇ ಮೀಟಿಂಗ್ ಮಾಡಿದೆವು, ನಿಮ್ಮ ಉತ್ತರಗಳನ್ನು ಮೊಬೈಲಿನಲ್ಲಿ ಓದಿ ಹೇಳಿದೆ. ದುಡ್ಡು ಯಾರಿಗೂ ಕೊಡುವುದಿಲ್ಲ ಅಂತ ಆಯಿತು. ಎಫ್‌ಡಿ ಇಡುವುದಕ್ಕೆ ಇಬ್ಬರು ಬಿಟ್ಟರೆ ಎಲ್ಲರೂ ಒಪ್ಪಿದ್ದಾರೆ. ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ, ಎರಡು ಬೇರೆ ಬೇರೆ. ಲೇಔಟ್ ಮಾಡಿದವರ ಮಗ ಈಗ ಹೈದರಾಬಾದಿನಲ್ಲಿದ್ದಾರಂತೆ, ಅವರ ನಂಬರ್ ಒಬ್ಬ ಕಾಕಾ ಹತ್ತಿರ ಸಿಕ್ಕಿತು.

ಅಮೆರಿಕದ ಸಹಿ ಹಾಳೆ ಹುಡುಗರಿಗೆ ಬಹಳ ಹಿಡಿಸಿತು. ಭಾನುವಾರ ಜಾಲಿ ಕಡಿಯುವುದಕ್ಕೆ ಹೆಸರು ಬರೆಸಿ ಅಂದರೆ ಹನ್ನೊಂದು ಜನ ಬರೆಸಿದ್ದಾರೆ. ಹಾವಿನ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇಲ್ಲಿ ಹಾವು ಹಿಡಿಯುವವರು ಯಾರಾದರೂ ಗೊತ್ತಿದ್ದರೆ ಹೇಳಿ.